ಹಾಡು ಕಟ್ಟಿದವರು

ಹರಿಗೋಲು ಹೊಳೆ ದಾಟುವಷ್ಟು ಹೊತ್ತೂ ಹುಲಿಗೆಮ್ಮ ತಲೆ ಎತ್ತಲಿಲ್ಲ.

ಹುಟ್ಟು ಹಾಕುತ್ತಿದ್ದವನು ಬರಮಪ್ಪ. ಇಬ್ಬರೂ ಒಂದೇ ಆಶ್ರಮದಲ್ಲಿ, ಒಬ್ಬರೇ ಗುರುಗಳ ಮುಂದೆ ಕೂತು ತತ್ವಪದ ಕಲಿತವರು. ಮೂರು ವರ್ಷದ ಮೇಲೆ ಬಂದವಳನ್ನು ಅವನು ಏನೂ ಕೇಳಲಿಲ್ಲ. ಆಶ್ರಮದ ದಡಕ್ಕೆ ಇಳಿಸಿದ. ಹಿಂದೆ ಬರುತ್ತಿದ್ದ ಟೀವಿಯವರನ್ನು ಕರೆತರಲು ಮತ್ತೆ ಆಚೆ ದಡಕ್ಕೆ ತಿರುಗಿದ.

ಅವನು ಹೋಗಿ ಬರುವಷ್ಟೇ ಸಮಯ ಅವಳಿಗಿತ್ತು.

ಅವಳು ಏಳು ವರ್ಷದವಳಿದ್ದಾಗ ತಾಯಿ ಈ ಆಶ್ರಮಕ್ಕೆ ರೊಟ್ಟಿ ಬಡಿಯಲು ಬಂದಿದ್ದಳು. ಒಲೆಯ ಮುಂದೆ ಕೂತ ಹುಡುಗಿ ಹೊರಗಿನ ಪದಗಳನ್ನು ಕೇಳಿ ಕೇಳಿಯೇ ಹಾಡತೊಡಗಿದಳು. ಆಶ್ರಮದ ಗುರು ಸಂಗಯ್ಯಜ್ಜ ಅವಳನ್ನು ಕರೆದು ಕೈಗೆ ಏಕತಾರಿ ಕೊಟ್ಟರು.

ಹದಿನೇಳನೆಯ ವಯಸ್ಸಿಗೆ, ಗಂಗಾವತಿಯ ಕಾಲೇಜಿನ ವಾರ್ಷಿಕೋತ್ಸವದಲ್ಲಿ, ಗಿಟಾರು ಡ್ರಮ್ಮಿನ ಹುಡುಗರ ಜೊತೆ ನಿಂತು ಒಂದು ಹಾಡು ಹೇಳಿದಳು. ‘ನಿಲ್ಲೇ ಹೊಳೆವ್ವ, ಬಂದೆ ನಾ.’ ಯಾರೋ ಫೋನಿನಲ್ಲಿ ಹಿಡಿದರು. ವಾರದೊಳಗೆ ಅದು ನಾಡೆಲ್ಲ ಸುತ್ತಿ ಬಂತು.

ಹಾಡಿನ ಕಂಪನಿಯೊಂದು ಅವಳನ್ನು ಕರೆಸಿಕೊಂಡು ‘ಹುಲಿ’ ಎಂದು ಹೆಸರಿಟ್ಟಿತು. ಹುಲಿ ಬರುತ್ತಾಳೆಂದರೆ ಮೈದಾನಗಳು ತುಂಬಿದವು. ಆ ಹಾಡಿನಲ್ಲಿ ‘ಬಂದೆ’ ಎನ್ನುವ ಮುಂಚೆ ದನಿ ಒಂದು ಗಳಿಗೆ ನಿಂತುಬಿಡುತ್ತದೆ. ಅದೊಂದು ಗಳಿಗೆಗಾಗಿಯೇ ಸಾವಿರಾರು ಜನ ಉಸಿರು ಬಿಗಿಹಿಡಿದು ಕಾಯುತ್ತಿದ್ದರು.

ಹಾಡು ಕಟ್ಟಿದ್ದು ಯಾರು ಎಂದು ಕಂಪನಿಯವರು ಮೊದಲ ದಿನವೇ ಕೇಳಿದ್ದರು. ನಾನೇ ಎಂದಿದ್ದಳು. ಅಷ್ಟೇ ಮಾತು.

ಹೋದ ವಾರ ಹಳೆಯದೊಂದು ವಿಡಿಯೊ ಹೊರಬಿತ್ತು. ಹೊಳೆ ದಾಟುತ್ತಿದ್ದ ಪ್ರವಾಸಿ ಯಾರೋ, ಅವಳ ಹಾಡು ಹೊರಬರುವ ಮೊದಲೇ ತೆಗೆದದ್ದು. ಅದರಲ್ಲಿ ಹರಿಗೋಲಿನವನ ಬೆನ್ನಷ್ಟೇ ಕಾಣುತ್ತಿತ್ತು. ಅವನು ಗುನುಗುತ್ತಿದ್ದುದು ಅದೇ ಹಾಡು.

ಹಾಡು ನಿಜಕ್ಕೂ ಯಾರದು ಎಂದು ಜನ ಕೇಳತೊಡಗಿದರು. ನಾಳೆಯೇ ಅವಳಿಗೆ ವರ್ಷದ ದೊಡ್ಡ ಪ್ರಶಸ್ತಿ ಕೊಡುವವರಿದ್ದರು. ಕಂಪನಿಯವರು ಒಂದು ದಾರಿ ಹೇಳಿಕೊಟ್ಟರು. ಇದು ಆಶ್ರಮದ ಹಳೇ ಹಾಡು, ಯಾರ ಸ್ವತ್ತೂ ಅಲ್ಲ ಎಂದು ಗುರುಗಳು ಕ್ಯಾಮೆರಾ ಮುಂದೆ ಹೇಳಿಬಿಟ್ಟರೆ ಸಾಕು.

ಸಂಗಯ್ಯಜ್ಜ ಕಟ್ಟೆಯ ಮೇಲೆ ಕೂತು ಮೊರದಲ್ಲಿ ಹುರುಳಿ ಹಸನು ಮಾಡುತ್ತಿದ್ದರು. ಅವಳು ಕಾಲು ಮುಟ್ಟಿ, ವಿಡಿಯೊದ ಸುದ್ದಿ, ಪ್ರಶಸ್ತಿಯ ಸುದ್ದಿ ಎಲ್ಲ ಹೇಳಿದಳು. ಹಾಡು ಕಟ್ಟಿದ್ದು ಯಾರು ಎಂಬುದೊಂದನ್ನು ಬಿಟ್ಟು.

“ಹಳೇ ಹಾಡು ಅಂತ ಒಂದು ಮಾತು ಹೇಳ್ರಿ ಅಜ್ಜಾರ. ಇಲ್ಲಂದ್ರ ನಾ ಉಳಿಯಂಗಿಲ್ಲ.”

ಅಜ್ಜ ಮೊರ ಪಕ್ಕಕ್ಕಿಟ್ಟರು.

“ಹೇಳೋಣಂತ. ನಾನೇ ಕಲಿಸೀನಿ ಅಂದ ಮ್ಯಾಲೆ ನನಗೂ ಬರಬೇಕಲ್ಲ. ಮೊದಲು ಹೇಳಿಕೊಡು.”

ಇಷ್ಟು ಸುಲಭಕ್ಕೆ ಒಪ್ಪುತ್ತಾರೆಂದು ಅವಳು ಎಣಿಸಿರಲಿಲ್ಲ. ಹೊಳೆಯ ಕಡೆ ನೋಡಿದಳು. ಆಚೆ ದಡದಲ್ಲಿ ಇಬ್ಬರು ಚೀಲ ಹೊತ್ತು ಹರಿಗೋಲು ಹತ್ತುತ್ತಿದ್ದರು.

ಅವಳು ಒಂದು ಸಾಲು ಹಾಡಿದಳು. ಅಜ್ಜ ಅದನ್ನೇ ತಿರುಗಿ ಹಾಡಿದರು. ಎಂಬತ್ತರ ದನಿ, ಆದರೂ ಶ್ರುತಿ ಬಿಡಲಿಲ್ಲ. ನಿಲ್ಲಬೇಕಾದಲ್ಲಿ ಮಾತ್ರ ನಿಲ್ಲದೆ ಮುಂದೆ ಹೋಗಿಬಿಟ್ಟರು.

ಅವಳು ತಿದ್ದಿದಳು. ಎರಡನೆಯ ಸಲ ಅಜ್ಜ ತೀರ ಮುಂಚೆಯೇ ನಿಂತರು. ಮತ್ತೆ ತಿದ್ದಿದಳು. ಹರಿಗೋಲು ಆಗಲೇ ನಡುಹೊಳೆಗೆ ಬಂದಿತ್ತು.

ಮೂರನೆಯ ಸಲ ಅಜ್ಜ ಸರಿಯಾದ ಜಾಗದಲ್ಲೇ ನಿಂತು, ಉಸ್ಸೆಂದು ಉಸಿರು ಬಿಟ್ಟು, ಆಮೇಲೆ ‘ಬಂದೆ’ ಎಂದರು.

“ಹಂಗಲ್ಲ ಅಜ್ಜಾರ. ಅಲ್ಲಿ ಉಸಿರು ಬಿಡಬಾರದು, ಒಳಗ ಹಿಡೀಬೇಕು. ಅವಗ ‘ಬ’ ಅನ್ನಾಗ ಮಾತು ತಡೀತೈತಿ. ಅದಕ್ಕ ಅಂವ ಉಸಿರು ಹಿಡಿದು ನಿಂತು, ಆಮ್ಯಾಲೆ ಮೆಲ್ಲಕ ಬಿಡ್ತಾನ.”

ಹೇಳಿ ಮುಗಿಸಿದ ಮೇಲೆ ತಾನು ಹೇಳಿದ್ದು ಅವಳ ಕಿವಿಗೇ ಬಿತ್ತು.

ಯಾರು ಎಂದು ಅಜ್ಜ ಕೇಳಲಿಲ್ಲ. ಮೊರವನ್ನು ತೊಡೆಯ ಮೇಲೆ ಎಳೆದುಕೊಂಡು ಕಲ್ಲು ಆರಿಸತೊಡಗಿದರು.

ಹುಟ್ಟು ನೀರು ಸೀಳುವ ಸಪ್ಪಳ ಈಗ ಇಲ್ಲಿಗೇ ಕೇಳುತ್ತಿತ್ತು.

ಅವರು ಬಂದರೆ ಏನು ಹೇಳುತ್ತೀರಿ ಎಂದು ಅವಳು ತಗ್ಗಿದ ದನಿಯಲ್ಲಿ ಕೇಳಿದಳು.

“ನನಗಿನ್ನೂ ಆ ಹಾಡು ಬರವಲ್ದು. ಬರೋರು ಹೇಳಲಿ.”

“ಹೇಳಿದ್ರ ಎಲ್ಲಾ ಹೋಗತೈತಿ ಅಜ್ಜಾರ.”

“ದನಿನೂ ಹೋಗತೈತೇನು?”



ಟೀವಿಯವರು ಬಂದೇಬಿಟ್ಟರು, ಹಿಂದೆ ಬರಮಪ್ಪನೂ. ವರದಿಗಾರ ನಮಸ್ಕಾರ ಮಾಡಿ ಮೈಕನ್ನು ಅಜ್ಜನ ಮುಂದೆ ಹಿಡಿದ. ಅಜ್ಜ ಮೊರದಿಂದ ಕಣ್ಣೆತ್ತಲಿಲ್ಲ.

ಹುಲಿಗೆಮ್ಮ ಎದ್ದು ನಿಂತಳು. ಮೈಕನ್ನು ತನ್ನ ಕಡೆ ಎಳೆದುಕೊಂಡಳು. ಈ ಹಾಡು ಆಶ್ರಮದ ಹಳೇ ಹಾಡಲ್ಲ, ನಾನು ಕಟ್ಟಿದ್ದೂ ಅಲ್ಲ ಎಂದಳು. ನಿಮ್ಮನ್ನು ಹೊಳೆ ದಾಟಿಸಿದನಲ್ಲ, ಅವನು ಕಟ್ಟಿದ್ದು. ಮೂರು ವರ್ಷ ಸುಳ್ಳು ಹೇಳಿದೆ ಎಂದಳು.

ಚೀಲದಲ್ಲಿ ಅವಳ ಫೋನು ಬಡಿದುಕೊಳ್ಳತೊಡಗಿತು. ಅವಳು ತೆಗೆಯಲಿಲ್ಲ. ಆ ವರ್ಷದ ಪ್ರಶಸ್ತಿ ಬೇರೆಯವರ ಪಾಲಾಯಿತು, ಒಪ್ಪಿಕೊಂಡಿದ್ದ ಕಾರ್ಯಕ್ರಮಗಳಲ್ಲಿ ಅರ್ಧ ಕೈತಪ್ಪಿದವು. ಅದೆಲ್ಲ ಆಮೇಲಿನ ಮಾತು.

ಕ್ಯಾಮೆರಾ ಬರಮಪ್ಪನ ಕಡೆ ತಿರುಗಿತು.

ಅವನು ಒದ್ದೆ ಕೈಯಲ್ಲಿ ಹುಟ್ಟು ಹಿಡಿದುಕೊಂಡೇ ನಿಂತಿದ್ದ. ಒಮ್ಮೆ ಹುಲಿಗೆಮ್ಮನನ್ನು ನೋಡಿದ. ಆ ನೋಟದಲ್ಲಿ ಸಿಟ್ಟಿತ್ತೋ ಇನ್ನೇನಿತ್ತೋ ಅವಳಿಗೆ ತಿಳಿಯಲಿಲ್ಲ. ವರದಿಗಾರ ಮೈಕನ್ನು ಅವನ ಬಾಯ ಹತ್ತಿರ ಒಯ್ದು, ನಿಮ್ಮ ಹೆಸರೇನು ಎಂದು ಕೇಳಿದ.

ಬರಮಪ್ಪನ ತುಟಿಗಳು ಒಂದಕ್ಕೊಂದು ಒತ್ತಿಕೊಂಡವು. ತೆರೆಯಲಿಲ್ಲ. ಕತ್ತಿನ ನರ ಉಬ್ಬಿತು. ಕ್ಯಾಮೆರಾ ಹಿಡಿದವನು ಕಾಲು ಬದಲಿಸಿದ. ವರದಿಗಾರ ಗಡಿಯಾರ ನೋಡಿಕೊಂಡ.

ಸಣ್ಣವರಿದ್ದಾಗ ಅಂಗಡಿಯಲ್ಲಿ, ಸಾಲೆಯಲ್ಲಿ, ಬಸ್ಸಿನಲ್ಲಿ ಅವನ ಮಾತು ಸಿಕ್ಕಿಕೊಂಡಾಗಲೆಲ್ಲ ಅವಳೇ ಅದನ್ನು ಮುಗಿಸಿಕೊಡುತ್ತಿದ್ದಳು. ಅವನ ಪಾಡು ಅವಳಿಗೆ ನೋಡಲಾಗುತ್ತಿರಲಿಲ್ಲ. ಈಗಲೂ ಆಗಲಿಲ್ಲ. ಒಂದು ಹೆಜ್ಜೆ ಮುಂದಿಟ್ಟು ಬಾಯಿ ತೆರೆದಳು.

ಅಜ್ಜ ಅವಳ ಮುಂಗೈ ಹಿಡಿದರು.

“ತಡಿಯವ್ವ. ಅವನ ಹೆಸರು ಅವನ ಬಾಯಿಂದ ಬರಲಿ.”