ತಾಯಿಗೆ ಹೇಳದೆ ಉಳಿದ ಮಾತು

ಕರೇಕಟ್ಟಿ ಮಠದ ಪೂಜ್ಯ ಶ್ರೀ ರೇವಯ್ಯಜ್ಜನವರನ್ನು ಗದ್ದುಗೆಯ ಮೇಲೆ ಕಂಡವರು ಕಡಿಮೆ. ದಾಸೋಹದ ಅಡುಗೆಮನೆಯ ಹೊರಗೆ ಗೋಣಿತಟ್ಟು ಹಾಸಿಕೊಂಡು, ಮೊರದಲ್ಲಿ ತೊಗರಿಬೇಳೆ ಹಸನು ಮಾಡುತ್ತ ಕುಳಿತಿರುತ್ತಿದ್ದರು. ಬಂದವರ ಕಷ್ಟ-ಸುಖವನ್ನೆಲ್ಲ ಅವರು ಅಲ್ಲಿಯೇ ಕೇಳುತ್ತಿದ್ದರು.

ಒಂದು ದಿನ ಮಧ್ಯಾಹ್ನ ಪಟ್ಟಣದ ಮಕ್ಕಳ ಆಸ್ಪತ್ರೆಯ ಹಿರಿಯ ವೈದ್ಯರಾದ ವಿಠ್ಠಲ ಗಲಗಲಿಯವರು ಕಾರಿನಿಂದಿಳಿದು ಬಿರಬಿರನೆ ಒಳಗೆ ಬಂದರು. ಮಠ, ಸ್ವಾಮಿ, ಹರಕೆ ಎಂದರೆ ಮೂಗು ಮುರಿಯುವ ಜಾಯಮಾನ ಅವರದು. ಅಂದು ಸಿಟ್ಟಿಗೆ ಕಾರಣವೂ ಇತ್ತು. ಅವರ ವಾರ್ಡಿನಲ್ಲಿ ಶಿವಲೀಲಾ ಎಂಬ ಆರು ವರ್ಷದ ಹುಡುಗಿ ರಕ್ತದ ಕ್ಯಾನ್ಸರಿನಿಂದ ಮಲಗಿದ್ದಳು. ಬೆಳಿಗ್ಗೆ ಅವಳು ನರ್ಸಮ್ಮನ ಸೆರಗು ಹಿಡಿದು, ಅವ್ವ ಎಲ್ಲಿ ಎಂದು ಅಳುತ್ತಿದ್ದಳು. ವಿಚಾರಿಸಿದಾಗ, ತಾಯಿ ಕಲ್ಲವ್ವ ದಿನವೂ ಮಗಳನ್ನು ಬಿಟ್ಟು ಕರೇಕಟ್ಟಿ ಮಠಕ್ಕೆ ಹೋಗಿ, ಮಗಳು ಗುಣವಾಗಲೆಂದು ಹರಕೆ ಹೊತ್ತು ದಾಸೋಹಕ್ಕೆ ರೊಟ್ಟಿ ಬಡಿಯುತ್ತಾಳೆಂದು ಗೊತ್ತಾಯಿತು.

ಡಾಕ್ಟರು ಅಜ್ಜನವರ ಮುಂದೆ ನಿಂತೇ ಮಾತನಾಡಿದರು. ಆ ಕೂಸಿಗೆ ಇನ್ನು ಹೆಚ್ಚು ದಿನಗಳಿಲ್ಲ, ಅದು ಅವ್ವನಿಗಾಗಿ ಹಂಬಲಿಸುತ್ತಿದೆ; ನಿಮ್ಮ ಮಠ ಬಡ ಹೆಂಗಸಿಗೆ ಇಲ್ಲದ ಆಸೆ ತೋರಿಸಿ ಇಲ್ಲಿ ಒಲೆಯ ಮುಂದೆ ಕೂಡಿಸಿದೆ ಎಂದು ಬಾಯಿಗೆ ಬಂದಂತೆ ಆಡಿದರು. ಸುತ್ತಲಿದ್ದ ಭಕ್ತರು ಕೆರಳಿದರು. ಅಜ್ಜನವರು ಕೈಸನ್ನೆಯಿಂದ ಅವರನ್ನು ಸುಮ್ಮನಿರಿಸಿ, ಮೊರ ಕೆಳಗಿಟ್ಟು ಒಂದೇ ಮಾತು ಕೇಳಿದರು.

"ದಿನಗಳಿಲ್ಲ ಅನ್ನೂದು ಆಕಿಗೆ ಹೇಳೀರೇನ್ರಿ?"

"ಆಕಿ ಅಣ್ಣಗ ಹೇಳೀನಿ," ಎಂದರು ಡಾಕ್ಟರು. "ತಾಯಿಗೆ ತಡಕೋಳಿಕ್ಕೆ ಆಗೂದಿಲ್ಲ."

"ತಡಕೊಳ್ಳಾಕ ಆಗದವರು ಯಾರ್ರಿ, ಆಕೀನೋ, ನೀವೋ?"

ತನ್ನ ಎಲೆಯಲ್ಲಿ ಹೆಗ್ಗಣ ಬಿದ್ದಿದ್ದರೂ ಪರರ ಎಲೆಯ ನೊಣ ಹುಡುಕಿದರು ಎಂಬ ಗಾದೆ ಇದೆಯಲ್ಲ, ಡಾಕ್ಟರ ಪಾಡು ಆ ಕ್ಷಣ ಹಾಗಾಯಿತು. ಕೆಟ್ಟ ಸುದ್ದಿ ಇದ್ದಾಗಲೆಲ್ಲ ಮನೆಯ ಗಂಡಸರಲ್ಲಿ ಹಿರಿಯರೊಬ್ಬರನ್ನು ವರಾಂಡಕ್ಕೆ ಕರೆದು, ತಗ್ಗಿದ ದನಿಯಲ್ಲಿ ತಿಳಿಸಿ, 'ಅವ್ವಗ ಹೇಳಬ್ಯಾಡ್ರಿ' ಎಂದು ಕಳಿಸುವುದು ಅವರ ಪದ್ಧತಿ. ಅದನ್ನು ಅವರು ಕರುಣೆ ಎಂದೇ ತಿಳಿದಿದ್ದರು. ಕಲ್ಲವ್ವನ ಅಣ್ಣನೂ ಆ ಭಾರ ತಾಳಲಾರದೆ, ದೇವರಿದ್ದಾನೆ ಎಂದಷ್ಟೇ ತಂಗಿಗೆ ಹೇಳಿ ಊರಿಗೆ ಹೋಗಿಬಿಟ್ಟಿದ್ದ. ಹೋದ ವಾರ ಕಲ್ಲವ್ವ ಬಾಗಿಲಲ್ಲಿ ನಿಂತು, ಮಗಳಿಗೆ ಯಾವಾಗ ಆರಾಮಾದೀತು ಎಂದು ಕೇಳಿದ್ದಳು. ಔಷಧ ನಡೆದಿದೆ ಎಂದು ಹೇಳಿ, ಮುಖ ಕೂಡ ನೋಡದೆ ಪಕ್ಕದ ಮಂಚಕ್ಕೆ ಸರಿದುಹೋದದ್ದು ಡಾಕ್ಟರಿಗೆ ನೆನಪಾಯಿತು. ಅವರಿಗೆ ನಾಚಿಕೆಯಾಯಿತು. ಮತ್ತೆ ಕಾರು ಹತ್ತಿ ಹೋಗಿಬಿಡೋಣ ಎಂದೂ ಅನ್ನಿಸಿತು.

ಅಜ್ಜನವರು ಕಲ್ಲವ್ವನನ್ನು ಕರೆಸಿದರು. ಹಿಟ್ಟಿನ ಕೈಯಲ್ಲೇ ಬಂದವಳನ್ನು ಎದುರಿಗೆ ಕೂಡಿಸಿಕೊಂಡು, ಆ ಹಿರಿಯ ಜೀವ ಅವಳಿಗೆ ಕೈಮುಗಿಯಿತು.

"ಯವ್ವಾ, ನಿನ್ನ ಸೇವಾ ತಗೊಂಡ್ವಿ, ಕೂಸಿನ ಸುದ್ದಿ ಕೇಳಲಿಲ್ಲ. ನಮ್ಮದು ತಪ್ಪೈತಿ."

ಅಷ್ಟು ಹೇಳಿ ಡಾಕ್ಟರ ಕಡೆಗೆ ನೋಡಿದರು. ತಾವು ಯಾರನ್ನು ಬೈಯಲು ಬಂದಿದ್ದರೋ ಅವರೇ ಹೀಗೆ ತಪ್ಪು ಒಪ್ಪಿಕೊಂಡದ್ದನ್ನು ಕಂಡು ಡಾಕ್ಟರಿಗೆ ನಿಲ್ಲಲಾಗಲಿಲ್ಲ. ನೆಲದ ಮೇಲೆ ಕುಳಿತರು. ಮಗಳ ರೋಗಕ್ಕೆ ಇನ್ನು ಔಷಧ ನಾಟುವುದಿಲ್ಲ, ನೋವು ಆಗದಂತೆ ನೋಡಿಕೊಳ್ಳಬಹುದು, ಉಳಿಸಿಕೊಳ್ಳಲಾಗುವುದಿಲ್ಲ ಎಂದು ಎಲ್ಲವನ್ನೂ ಅವಳಿಗೆ ಅರ್ಥವಾಗುವಂತೆ ಹೇಳಿದರು.

ಕಲ್ಲವ್ವ ಅಳಲಿಲ್ಲ. ಕೈಯ ಹಿಟ್ಟನ್ನು ಸೆರಗಿಗೆ ಒರೆಸಿಕೊಂಡು ಕೇಳಿದಳು: "ನಿಮಗ ಯಾವಾಗಿಂದ ಗೊತ್ತಿತ್ರೀ?"

"ಹೋಳಿ ಹುಣ್ಣಿವಿಯಿಂದ."

ಆಗ ಬಸವ ಜಯಂತಿ ಹತ್ತಿರ ಬಂದಿತ್ತು; ತಿಂಗಳ ಮೇಲಾಗಿತ್ತು.

"ಅವತ್ತಿಂದ ನಾ ಇಲ್ಲಿ ರೊಟ್ಟಿ ಬಡದೀನ್ರಿ," ಎಂದಳು. "ಅಕಿ ಅಲ್ಲಿ ಒಬ್ಬಾಕಿನ ಇದ್ಲು."

ಅಜ್ಜನವರು, "ನಿನ್ನ ಹರಕಿ ತೀರಿತವ್ವ, ಮಗಳ ಹಂತ್ಯಾಕ ಹೋಗು," ಎಂದರು. ಡಾಕ್ಟರು ತಾವೇ ಅವಳನ್ನು ಕಾರಿನಲ್ಲಿ ಕರೆದೊಯ್ದರು. ದಾರಿಯಲ್ಲಿ ಅವಳು ಒಂದೇ ಮಾತು ಕೇಳಿದಳು, ಮಗಳಿಗೆ ಏನು ತಿನ್ನಲು ಕೊಡಬಹುದು ಎಂದು. ಕೂಸು ಬೇಡಿದ್ದನ್ನೆಲ್ಲ ಕೊಡು ಎಂದರು ಡಾಕ್ಟರು. ಆ ಮಾತಿನ ಅರ್ಥ ತಿಳಿದು ಕಲ್ಲವ್ವ ಆಗ ಬಿಕ್ಕಿ ಬಿಕ್ಕಿ ಅತ್ತಳು.

ಪೂಜ್ಯರು ಕೂಸನ್ನು ಬದುಕಿಸಿದರೆಂದು ನಾವು ಸುಳ್ಳು ಹೇಳಬಾರದು. ಕಾರಹುಣ್ಣಿಮೆಗೆ ಮುಂಚೆಯೇ ಶಿವಲೀಲಾ ತೀರಿಕೊಂಡಳು, ಅವ್ವನ ತೊಡೆಯ ಮೇಲೆ. ಡಾಕ್ಟರು ಕಲ್ಲವ್ವನ ಮುಂದೆ ಕೈಮುಗಿದು ಕ್ಷಮೆ ಕೇಳಿದರು. ಅವಳು ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ.

ಮುಂದೆ ಡಾಕ್ಟರು ಆಗಾಗ ಮಠಕ್ಕೆ ಬಂದು ಅಜ್ಜನವರ ಪಕ್ಕದಲ್ಲಿ ಕುಳಿತು ಬೇಳೆ ಹಸನು ಮಾಡುತ್ತಿದ್ದರು. ಅವರ ವಾರ್ಡಿನಲ್ಲಿ ಇವತ್ತಿಗೂ ಮಾವಂದಿರು, ಕಾಕಂದಿರು ಬಾಗಿಲಲ್ಲಿ ಅವರನ್ನು ತಡೆದು, ಏನಿದ್ದರೂ ನಮಗೆ ಹೇಳಿ, ಹೆಂಗಸರಿಗೆ ಬೇಡ ಎಂದು ಬೇಡಿಕೊಳ್ಳುತ್ತಾರೆ. ಡಾಕ್ಟರು ತಲೆ ತಗ್ಗಿಸಿ ಎಲ್ಲವನ್ನೂ ಕೇಳಿಸಿಕೊಳ್ಳುತ್ತಾರೆ. ಆಮೇಲೆ, "ಅವ್ವನ್ನ ಕರೀರಿ," ಎನ್ನುತ್ತಾರೆ.