ಸಾರ್ವಜನಿಕರಿಗೆ ಪ್ರವೇಶ

ಕರಿಹೊಂಡ ಎಂಬ ಪಟ್ಟಣದಲ್ಲಿ ಒಂದು ಸರ್ಕಾರಿ ಕಾಲೇಜು ಇತ್ತು. ದೊಡ್ಡದೇನಲ್ಲ. ಎಂಟು ಕೋಣೆ, ಒಂದು ಗ್ರಂಥಾಲಯ, ರಸಾಯನಶಾಸ್ತ್ರದ ಒಂದು ಪ್ರಯೋಗಾಲಯ, ಅಷ್ಟೇ. ಅದರ ಪ್ರಾಂಶುಪಾಲರ ಹೆಸರು ಗಿರಿಜಾ ಮುದೇನೂರ. ಊರಿಗೆಲ್ಲ ಅವರು ಮುದೇನೂರ ಮೇಡಂ. ತುಂಬಾ ಒಳ್ಳೆಯವರು, ಆದರೆ ಗಾಬರಿ ಸ್ವಭಾವ. ಮೇಲಿನಿಂದ ಒಂದು ಕಾಗದ ಬಂದರೆ ಸಾಕು, ಲಕೋಟೆ ಒಡೆಯುವ ಮೊದಲೇ ಅವರ ಕೈ ನಡುಗುತ್ತಿತ್ತು.

ಒಂದು ದಿನ ನಿಜವಾಗಿಯೂ ನಡುಗುವಂಥ ಕಾಗದವೇ ಬಂತು. ವಿದ್ಯಾರ್ಥಿಗಳು ಕಡಿಮೆ ಇರುವ ಕಾಲೇಜುಗಳನ್ನು ನೋಡಲು ಮೂವರ ಸಮಿತಿ ಬರುತ್ತದಂತೆ. ಅವರಿಗೆ ಸರಿ ಕಾಣದಿದ್ದರೆ ಕಾಲೇಜನ್ನು ಮುಚ್ಚಿ, ಜಿಲ್ಲಾ ಕೇಂದ್ರದ ಕಾಲೇಜಿಗೆ ಸೇರಿಸುತ್ತಾರಂತೆ. ಜಿಲ್ಲಾ ಕೇಂದ್ರ ಇದ್ದದ್ದು ಅರವತ್ತು ಕಿಲೋಮೀಟರ್ ದೂರದಲ್ಲಿ. ಬಸ್ಸು ದಿನಕ್ಕೆ ಮೂರು. ಕಾಲೇಜಿನ ನೂರ ಎಂಬತ್ತು ವಿದ್ಯಾರ್ಥಿಗಳಲ್ಲಿ ಹುಡುಗಿಯರೇ ಹೆಚ್ಚು. ಅಷ್ಟು ದೂರ ಎಷ್ಟು ಮನೆಯವರು ಹೆಣ್ಣುಮಕ್ಕಳನ್ನು ಕಳಿಸಿಯಾರು? ಅರ್ಧಕ್ಕರ್ಧ ಹುಡುಗಿಯರು ಓದು ಬಿಡುತ್ತಾರೆ ಎಂಬುದು ಮೇಡಂಗೆ ಗೊತ್ತಿತ್ತು. ಅವರಿಗೆ ಎರಡು ದಿನ ಅನ್ನ ಸೇರಲಿಲ್ಲ.

ಸಮಿತಿಯ ಕಣ್ಣಿಗೆ ಕಾಲೇಜು ಲಕ್ಷಣವಾಗಿ ಕಾಣಬೇಕು ಎಂದು ಅವರು ಹಟ ತೊಟ್ಟರು. ಗೋಡೆಗೆ ಸುಣ್ಣ ಹೊಡೆಸಿದರು. ಗಿಡಗಳಿಗೆ ಪಾತಿ ಮಾಡಿಸಿದರು. ಇಷ್ಟೆಲ್ಲ ಆದ ಮೇಲೆ ಅವರಿಗೆ ಒಂದೇ ಒಂದು ದೋಷ ಉಳಿದಂತೆ ಕಂಡಿತು. ಅದು ಊರ ಜನ. ಸಂತೆಗೆ ಹೋಗುವವರು ಕಾಲೇಜಿನ ಅಂಗಳದಲ್ಲೇ ಅಡ್ಡ ಹಾಯುತ್ತಿದ್ದರು. ಮುದುಕರು ಗ್ರಂಥಾಲಯಕ್ಕೆ ಬಂದು ಪೇಪರ್ ಓದುತ್ತಿದ್ದರು. ಪಿಂಚಣಿ ಅರ್ಜಿ ತುಂಬಿಸಿಕೊಳ್ಳಲು ಬಂದವರು ಉಪನ್ಯಾಸಕರ ಕೋಣೆಯ ಮುಂದೆ ಕೂತಿರುತ್ತಿದ್ದರು.

“ಇದೇನು ಕಾಲೇಜೋ, ಬಸ್ ಸ್ಟ್ಯಾಂಡೋ ಅಂತ ಕೇಳಿದ್ರ ಏನ್ ಹೇಳ್ಲಿ?” ಎಂದುಕೊಂಡ ಮೇಡಂ ಒಂದು ಚೀಟಿ ಬರೆದರು: ‘ಸಾರ್ವಜನಿಕರಿಗೆ ಪ್ರವೇಶವಿಲ್ಲ.’ ಅದನ್ನು ಪೇಂಟರ್ ಖಾಜಾಸಾಬನಿಗೆ ಕಳಿಸಿ, ಗೇಟಿಗೆ ಬೋರ್ಡು ಬರೆದು ಹಾಕಲು ಹೇಳಿದರು.

ಖಾಜಾಸಾಬ ಬಲು ನಿಯತ್ತಿನ ಮನುಷ್ಯ. ಜೂನ್ ಬಂತೆಂದರೆ ಊರಿನ ಟ್ಯೂಷನ್ನು, ಕಂಪ್ಯೂಟರ್ ಕ್ಲಾಸುಗಳಿಗೆಲ್ಲ ‘ಪ್ರವೇಶ ಪ್ರಾರಂಭವಾಗಿದೆ’ ಎಂದು ಬರೆದು ಬರೆದು ಅವನ ಕೈಗೆ ಆ ಅಕ್ಷರ ಬಾಯಿಪಾಠವಾಗಿತ್ತು. (ಕೈಗೆ ಬಾಯಿಪಾಠ ಹೇಗೆ ಅಂತ ಕೇಳಬೇಡಿ ಮಕ್ಕಳೇ, ಅವನದು ಹಾಗೇ ಆಗಿತ್ತು.) ಸಮಿತಿ ಬರುವ ದಿನ ಬೆಳಿಗ್ಗೆ ಮೇಡಂ ಗೇಟಿನ ಬಳಿ ಬಂದು ನೋಡುತ್ತಾರೆ, ಮಾರುದ್ದದ ಬೋರ್ಡು! ಸುತ್ತ ಹೂಬಳ್ಳಿ ಬೇರೆ. ‘ಸಾರ್ವಜನಿಕರಿಗೆ ಪ್ರವೇಶವಿದೆ. ಬನ್ನಿರಿ.’

“ಏನಿದು ಖಾಜಾಸಾಬ್? ನಾ ಬರದಿದ್ದು ಇಲ್ಲ ಅಂತ!”

“ಹೌದ್ರಿ ಮೇಡಂ, ಗಡಿಬಿಡ್ಯಾಗ ತಪ್ಪು ಬರದಿದ್ರಿ. ನಾನ ತಿದ್ದೀನ್ರಿ,” ಎಂದ ಅವನು ಹೆಮ್ಮೆಯಿಂದ. “ಪ್ರವೇಶ ಅಂದ್ರ ಅಡ್ಮಿಷನ್ ಅಲ್ರೀ? ಕಾಲೇಜಿನವ್ರು ಅಡ್ಮಿಷನ್ ಇಲ್ಲ ಅಂತ ಯಾರರ ಬೋರ್ಡ್ ಹಾಕಸ್ತಾರೇನ್ರಿ? ನಮ್ಮ ಮೇಡಂ ಹೆಸರು ಕೆಡಬಾರ್ದು ಅಂತ ‘ಬನ್ನಿರಿ’ ಅನ್ನೂದೂ ಸೇರಿಸೀನ್ರಿ.”

ಮೇಡಂ ತಲೆ ಮೇಲೆ ಕೈ ಹೊತ್ತರು. ಆಗಲೇ ಗೇಟಿನ ಮುಂದೆ ಇಪ್ಪತ್ತು ಇಪ್ಪತ್ತೈದು ಜನ ನೆರೆದಿದ್ದರು. ದರ್ಜಿ ತಿಪ್ಪಣ್ಣ ಅಳತೆಯ ಟೇಪನ್ನು ಕೊರಳಲ್ಲಿ ಹಾಕಿಕೊಂಡೇ ಬಂದಿದ್ದ. “ಹತ್ತನೇತ್ತೆ ಫೇಲ್ ಆದವ್ರಿಗೂ ಐತೇನ್ರಿ ಅಡ್ಮಿಷನ್?” ಎಂದು ಸಂಕೋಚದಿಂದ ಕೇಳಿದ. ಸಮಿತಿ ಬರಲು ಇನ್ನು ಅರ್ಧ ಗಂಟೆ. ಮೇಡಂ ಎಲ್ಲರಿಗೂ ಕೈಮುಗಿದು, “ಇವತ್ತು ಬ್ಯಾಡ್ರಿ, ನಾಳೆ ಬರ್ರಿ,” ಎಂದರು. ಜನ ಪಾಪ, ಹೊರಟರು.

ಒಬ್ಬಳು ಮಾತ್ರ ಹೊರಡಲಿಲ್ಲ. ಅವಳು ಖಾನಾವಳಿ ನಡೆಸುವ ಶಾಂತವ್ವ. ಕೈಯಲ್ಲಿ ಒಂದು ಬಾಟಲಿ ನೀರು ಇತ್ತು.

“ಮೇಡಂರಿ, ನಾಳೆ ಅಂದ್ರ ತಡಾ ಆಕ್ಕೈತ್ರಿ. ನಮ್ಮ ಓಣ್ಯಾಗ ಹೊಸಾ ಬೋರ್ ಹಾಕ್ಯಾರ. ಇವತ್ತ ಮಧ್ಯಾಹ್ನ ಕುಡಿಯೂ ನೀರಿನ ಟಾಕಿಗೆ ಜೋಡಸ್ತಾರಂತ. ಮಗ್ಗಲ ಹಳ್ಳ್ಯಾಗ ಇಂಥಾದ ಬೋರಿನ ನೀರು ಕುಡದು ಹುಡುಗರ ಹಲ್ಲು ಕಂದ್ಯಾವು, ಮೊಳಕಾಲು ಸೊಟ್ಟ ಆಗ್ಯಾವು. ಪರೀಕ್ಷಾ ಆತೇನ್ರಿ ಅಂದ್ರ, ರಿಪೋರ್ಟ್ ಆಮ್ಯಾಲೆ ಬರ್ತೈತಿ ಅಂತಾರ. ನಮ್ಮ ನೀರು ಎಂಥಾದು ಅಂತ ನಾ ಯಾರನ್ನ ಕೇಳ್ಲಿ? ನಿಮ್ಮ ಬೋರ್ಡ್ ಓದಿದೆ, ಬಂದೆ.”

ಮೇಡಂ ಒಳಗೆ ನೋಡಿದರು. ರಸಾಯನಶಾಸ್ತ್ರದ ಉಪನ್ಯಾಸಕ ಬಸವಂತ ಅವರೂ, ರೇಷ್ಮೆ ಸೀರೆ ಉಟ್ಟು ಆರತಿ ತಟ್ಟೆ ಹಿಡಿದ ಅವರ ಕೊನೆಯ ವರ್ಷದ ಹುಡುಗಿಯರೂ ಸ್ವಾಗತಗೀತೆಗೆ ಸಾಲಾಗಿ ನಿಂತಿದ್ದರು. ನೀರು ಪರೀಕ್ಷೆ ಮಾಡಬಲ್ಲವರೂ ಅವರೇ. ಅವರು ಪ್ರಯೋಗಾಲಯಕ್ಕೆ ಹೋದರೆ ಸ್ವಾಗತವೂ ಇಲ್ಲ, ಶಿಸ್ತೂ ಇಲ್ಲ. ಸಮಿತಿಗೆ ಸಿಟ್ಟು ಬಂದರೆ ಕಾಲೇಜೇ ಹೋದೀತು. ಮೇಡಂಗೆ ಅಳುವೇ ಬಂತು.

ಆದರೆ ಶಾಂತವ್ವ ಕೇಳಿದ ಪ್ರಶ್ನೆ ಅವರ ಮನಸ್ಸಿನಲ್ಲಿ ಕೂತುಬಿಟ್ಟಿತ್ತು. ಯಾರನ್ನು ಕೇಳಲಿ? ಮೂವತ್ತು ವರ್ಷ ಪಾಠ ಹೇಳಿದ ತಾವೇ ‘ನನ್ನನ್ನು ಕೇಳಬೇಡ’ ಅಂದರೆ, ಈ ಹೆಂಗಸು ಎಲ್ಲಿಗೆ ಹೋಗಬೇಕು? ಹಾಡು ಹೇಳಿ ಉಳಿಸಿಕೊಂಡ ಕಾಲೇಜು ಯಾವ ಪುರುಷಾರ್ಥಕ್ಕೆ?

“ಬಸವಂತ ಸರ್,” ಎಂದು ಕೂಗಿದರು, “ಆರತಿ ತಟ್ಟೆ ಕೆಳಗಿಡಿಸ್ರಿ. ಎಲ್ಲಾರೂ ಲ್ಯಾಬಿಗೆ ನಡೀರಿ.”

ಸಮಿತಿ ಬಂದಾಗ ಬಾಗಿಲಲ್ಲಿ ಮೇಡಂ ಒಬ್ಬರೇ, ಕೈಯಲ್ಲಿ ಮೂರು ಹಾರ. ಒಳಗಿನಿಂದ ಗದ್ದಲವೋ ಗದ್ದಲ. ಸಮಿತಿಯ ಅಧ್ಯಕ್ಷರು ವಯಸ್ಸಾದ ಪ್ರೊಫೆಸರು. ಹಾರ ಹಾಕಿಸಿಕೊಳ್ಳಲೂ ನಿಲ್ಲದೆ ಗದ್ದಲದ ಕಡೆಗೆ ನಡೆದರು. ನೋಡಿದರೆ ಪ್ರಯೋಗಾಲಯದ ತುಂಬ ಜನ. ಶಾಂತವ್ವನನ್ನು ಒಳಗೆ ಬಿಟ್ಟದ್ದು ಕಂಡು, ಹೊರಟವರೆಲ್ಲ ನೀರಿನ ಸುದ್ದಿ ತಿಳಿಯಲು ತಿರುಗಿ ಬಂದಿದ್ದರು.

“ಇವರೆಲ್ಲ ನಿಮ್ಮ ವಿದ್ಯಾರ್ಥಿಗಳಾ?” ಎಂದರು ಅಧ್ಯಕ್ಷರು.

ಹೌದು ಎನ್ನಬಹುದಿತ್ತು. ಸಂಖ್ಯೆಯಾದರೂ ಹೆಚ್ಚಾಗುತ್ತಿತ್ತು. ಮೇಡಂ ನಿಜವನ್ನೇ ಹೇಳಿದರು. “ಅಲ್ಲ ಸರ್. ಊರಿನವರು. ನೀರು ಪರೀಕ್ಷೆ ಮಾಡಿಸಿಕೊಳ್ಳಾಕ ಬಂದಾರ.”

ಹುಲಿಗೆಮ್ಮ ಎಂಬ ಹುಡುಗಿ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ಗಾಜಿನ ನಳಿಕೆಯಲ್ಲಿದ್ದ ಕೆಂಪು ದ್ರಾವಣಕ್ಕೆ ಹೊಸ ಬೋರಿನ ನೀರು ಬೆರೆಸಿದಳು. ಕೆಂಪು ಬಣ್ಣ ನಿಧಾನಕ್ಕೆ ಹಳದಿಗೆ ತಿರುಗಿತು. ಇನ್ನೊಂದು ಸಲ ಮಾಡಿದಳು. ಮತ್ತೊಂದು ಸಲ ಮಾಡಿದಳು. ಬಸವಂತ ಸರ್ ಮೂರೂ ಸಲ ಬಣ್ಣ ಹೋಲಿಸಿ ನೋಡಿ ತಲೆ ಆಡಿಸಿದರು.

“ಶಾಂತಕ್ಕ, ಇದ್ರಾಗ ಫ್ಲೋರೈಡ್ ಭಾಳ ಐತಿ,” ಎಂದಳು ಹುಲಿಗೆಮ್ಮ. “ಅರಬಿ ಒಗ್ಯಾಕ ಅಡ್ಡಿಯಿಲ್ಲ, ಕುಡಿಯಾಕ ಬ್ಯಾಡ.”

“ಕುದಿಸಿ ಕುಡದ್ರ?”

“ಕುದಿಸಿದ್ರ ನೀರು ಆರಿ, ಇದು ಇನ್ನೂ ಹೆಚ್ಚಾಕ್ಕೈತಿ.”

ದೊಡ್ಡ ಪ್ರಯೋಗಾಲಯದ ವರದಿ ಬರುವ ತನಕ ಈ ನೀರನ್ನು ಟಾಕಿಗೆ ಬಿಡಬೇಡಿ ಎಂದು ಬಸವಂತ ಸರ್ ಒಂದು ಪತ್ರ ಬರೆದರು. ಮೇಡಂ ಸಹಿ ಹಾಕಿ ಸೀಲು ಒತ್ತಿದರು. ಈ ಸಲ ಅವರ ಕೈ ನಡುಗಲಿಲ್ಲ. ಶಾಂತವ್ವ ಪತ್ರ ಹಿಡಿದು ಓಡಿದಳು, ಅವಳ ಹಿಂದೆ ಅರ್ಧ ಓಣಿ ಓಡಿತು. ಮಧ್ಯಾಹ್ನದ ಜೋಡಣೆ ನಿಂತಿತು.

ಊಟದ ಹೊತ್ತಿಗೆ ಖಾನಾವಳಿಯಿಂದ ಬಿಸಿ ರೊಟ್ಟಿ, ಎಣ್ಣೆಗಾಯಿ ಪಲ್ಯ, ಶೇಂಗಾ ಚಟ್ನಿ ಬಂದವು. ಸಮಿತಿಯವರು ಬೇಡ ಬೇಡ ಎನ್ನುತ್ತಲೇ ಎರಡೆರಡು ರೊಟ್ಟಿ ಮುರಿದರು. ಆಮೇಲೆ ಅಧ್ಯಕ್ಷರು ವರದಿಯ ನಮೂನೆ ತುಂಬಲು ಕೂತರು. ವಿದ್ಯಾರ್ಥಿಗಳ ಸಂಖ್ಯೆ: ಕಡಿಮೆ. ಕೊಠಡಿಗಳು: ಸಾಲವು.

“ನಿಯಮದ ಪ್ರಕಾರ ಮುಚ್ಚಲೇಬೇಕಾಗುತ್ತದೆ ಸರ್,” ಎಂದರು ಪಕ್ಕದ ಸದಸ್ಯರು.

ನಮೂನೆಯ ಕೊನೆಯಲ್ಲಿ ‘ಇತರೆ’ ಎಂಬ ಒಂದು ಅಂಕಣವಿತ್ತು. ಎಲ್ಲ ಕಡೆಯೂ ಅಲ್ಲಿ ಗೀಟು ಎಳೆದು ಮುಂದೆ ಹೋಗುವುದೇ ವಾಡಿಕೆ. ಅಧ್ಯಕ್ಷರು ಗೀಟು ಎಳೆಯಲಿಲ್ಲ. ಎರಡು ಸಾಲು ಬರೆದು, ಗಟ್ಟಿಯಾಗಿ ಓದಿದರು.

“ಈ ಕಾಲೇಜನ್ನು ಮುಚ್ಚಿದರೆ ಇಲ್ಲಿನ ನೂರ ಎಂಬತ್ತು ವಿದ್ಯಾರ್ಥಿಗಳನ್ನು ಬೇರೆ ಕಾಲೇಜಿಗೆ ಸೇರಿಸಬಹುದು. ಈ ಊರನ್ನು ಯಾವ ಕಾಲೇಜಿಗೆ ಸೇರಿಸುವುದು?”

ಪಕ್ಕದ ಸದಸ್ಯರು ಪೆನ್ನು ತೆಗೆದು ಅದರ ಕೆಳಗೆ ತಮ್ಮ ಸಹಿಯನ್ನೂ ಹಾಕಿದರು. ಮೂರನೆಯವರೂ ಹಾಕಿದರು. ಮುಚ್ಚಬೇಕೆಂಬ ಶಿಫಾರಸು ಹೋಗಲಿಲ್ಲ, ಕಾಲೇಜು ಉಳಿಯಿತು.

ನೀತಿ: ಸರ್ಕಾರಿ ಕಾಲೇಜು ಇರುವುದು ಪಟ್ಟಿಯಲ್ಲಿ ಹೆಸರಿದ್ದವರಿಗೆ ಪಾಠ ಹೇಳಲು ಮಾತ್ರವಲ್ಲ. ಗೊತ್ತಿಲ್ಲದ್ದನ್ನು ಹುಡುಕಿ ತಿಳಿಯುವುದು, ತಿಳಿದದ್ದನ್ನು ಕೇಳಿಕೊಂಡು ಬಂದವರಿಗೆ ಹೇಳುವುದು ಕೂಡ ಅದರ ಕೆಲಸವೇ. ಊರು ಯಾವ ಕಾಲೇಜನ್ನು ತನ್ನದೆಂದು ನಂಬಿ ಪ್ರಶ್ನೆ ಹೊತ್ತು ಬರುತ್ತದೋ, ಅದೇ ನಿಜವಾದ ಸಾರ್ವಜನಿಕ ಕಾಲೇಜು.