ತೆಂಗಿನಕಾಯಿ ಹಡಗಿಗೆ ಇಳಿದ ಬಾವುಟ

ಶಿಷ್ಯ ಕೇಳಿದ: "ಗುರುಗಳೇ, ತಪ್ಪು ಇಬ್ಬರದೂ ಇರುವಾಗ ಮೊದಲು ತಗ್ಗಬೇಕಾದವರು ಯಾರು?"

ಶಿಷ್ಯನ ಹೆಸರು ಬೊಮ್ಮಯ್ಯ. ಅವನೂ ಅವನ ಅಣ್ಣನೂ ಮಾತು ಬಿಟ್ಟು ಬಹಳ ವರ್ಷಗಳಾಗಿದ್ದವು. ಅಣ್ಣ ಹಾಸಿಗೆ ಹಿಡಿದಿದ್ದಾನೆ, ಉಳಿಯುವುದು ಕಷ್ಟ ಎಂಬ ಸುದ್ದಿಯನ್ನು ಆ ಬೆಳಿಗ್ಗೆ ಅವರ ಊರಿನವರೊಬ್ಬರು ಮಠಕ್ಕೆ ತಂದಿದ್ದರು. ಬೊಮ್ಮಯ್ಯನಿಗೆ ಅದನ್ನು ತಿಳಿಸಿದವರು ಗುರುಗಳು. ಅದನ್ನು ಕೇಳಿ ಅವನು ಹಾಕಿದ ಪ್ರಶ್ನೆ ಇದು.

ಗುರುಗಳು "ಕೂತುಕೋ" ಎಂದು ಹೇಳಿ ಕತೆ ಶುರುಮಾಡಿದರು.

ದೂರದ ಕಡಲಲ್ಲಿ ಒಂದು ದ್ವೀಪವಿತ್ತು. ಬಿಸಿಲು, ತೆಂಗು, ಮೀನು, ಇವು ಬಿಟ್ಟರೆ ಅಲ್ಲಿದ್ದದ್ದು ಒಂದು ಬಂದರು. ಬಂದರಿನ ಮೂರು ಕಡೆ ನೆಲ. ನಾಲ್ಕನೆಯ ಕಡೆ ನೀರಿನೊಳಗೆ ಹವಳದ ಬಂಡೆಗಳ ಸಾಲು. ಆ ಸಾಲಿನ ನಡುವೆ ಒಂದೇ ಒಂದು ದಾರಿ. ಹಡಗುಗಳು ಬರುವುದೂ ಅದರಲ್ಲೇ, ಹೋಗುವುದೂ ಅದರಲ್ಲೇ.

ಆ ದ್ವೀಪ ತನ್ನದು ಎಂದು ಮೂಡಣ ದೇಶದ ದೊರೆ ಹೇಳುತ್ತಿದ್ದ. ತನ್ನದು ಎಂದು ಪಡುವಣ ದೇಶದ ದೊರೆಯೂ ಹೇಳುತ್ತಿದ್ದ. ಇಬ್ಬರೂ ಅದನ್ನು ಕಣ್ಣಿಂದ ಕಂಡವರಲ್ಲ. ಅಲ್ಲಿ ಹುಟ್ಟಿ ಬೆಳೆದವರನ್ನು ಯಾರೂ ಒಂದು ಮಾತು ಕೇಳಲಿಲ್ಲ. ದೊರೆಗಳು ತಮ್ಮ ತಮ್ಮ ಯುದ್ಧದ ಹಡಗುಗಳನ್ನು ಕಳಿಸಿದರು. ಅವು ಬಂದರಿನಲ್ಲಿ ಎದುರುಬದುರಾಗಿ ಲಂಗರು ಹಾಕಿ ನಿಂತವು. ಒಂದು ಗುಂಡೂ ಹಾರಲಿಲ್ಲ. ಸುಮ್ಮನೆ ನಿಂತವು, ತಿಂಗಳುಗಟ್ಟಲೆ. ಅಷ್ಟೂ ದಿನ ದ್ವೀಪದವರ ಕೋಳಿ, ಎಳನೀರು, ಬಾವಿಯ ಸಿಹಿನೀರು ಎಲ್ಲವೂ ಈ ಎರಡು ಕಡೆಯವರ ಹೊಟ್ಟೆ ಸೇರಿತು. ಕೇಳಿದರೆ, ನಿಮ್ಮನ್ನು ಕಾಯಲಿಕ್ಕೇ ಬಂದಿದ್ದೇವೆ ಎನ್ನುತ್ತಿದ್ದರು.

ಆ ಬಂದರಿಗೆ ಒಂದು ವಾಡಿಕೆಯಿತ್ತು. ಹೊರಡುವ ಹಡಗು ತನ್ನ ಬಾವುಟವನ್ನು ಅರ್ಧಕ್ಕೆ ಇಳಿಸಬೇಕು. ನಿಂತಿರುವ ಹಡಗುಗಳು ತಮ್ಮದನ್ನೂ ಇಳಿಸಿ ಬೀಳ್ಕೊಡಬೇಕು. ಆಮೇಲೆ ಎಲ್ಲರೂ ಮತ್ತೆ ಏರಿಸಿಕೊಳ್ಳುವುದು. ಇದರಲ್ಲಿ ಸೋಲು ಗೆಲುವು ಏನೂ ಇಲ್ಲ. ಮನೆಯಿಂದ ಹೊರಡುವಾಗ ನಾವು 'ಹೋಗಿ ಬರ್ತೀವಿ' ಅನ್ನುತ್ತೇವೆ, ಒಳಗಿದ್ದವರು 'ಹೋಗಿ ಬನ್ನಿ' ಅನ್ನುತ್ತಾರೆ. ಅಷ್ಟೇ ಅದರ ಅರ್ಥ. ಆದರೆ ದೊರೆಗಳಿಗೆ ಅದು ಬೇರೆ ರೀತಿ ಕಂಡಿತು. ಎದುರಾಳಿಗಿಂತ ಮೊದಲು ನಮ್ಮ ಬಾವುಟ ಇಳಿಯಕೂಡದು ಎಂದು ಇಬ್ಬರೂ ತಮ್ಮ ಹಡಗುಗಳ ಮುಖ್ಯ ಕಪ್ತಾನನಿಗೆ ಅಪ್ಪಣೆ ಕೊಟ್ಟಿದ್ದರು.

ಒಂದು ದಿನ ಬೆಳಿಗ್ಗೆ ಆಕಾಶ ತಾಮ್ರದ ಬಣ್ಣಕ್ಕೆ ತಿರುಗಿತು. ಗಾಳಿ ಇನ್ನೂ ಮೆಲ್ಲಗೇ ಇತ್ತು. ಆದರೆ ಅಲೆಗಳು ಆ ಗಾಳಿಗೆ ಏಳುವಂಥವಲ್ಲ. ದೂರದಲ್ಲಿ ಯಾವುದೋ ದೊಡ್ಡ ಗಾಳಿ ತಳ್ಳಿದ ಅಲೆಗಳು ಅವು. ದ್ವೀಪದವರು ದೋಣಿಗಳನ್ನು ತೆಂಗಿನ ತೋಪಿನವರೆಗೂ ಎಳೆದುಕೊಂಡು ಹೋದರು. ಚಂಡಮಾರುತ ಬರುತ್ತಿದೆ ಎಂಬುದು ಕಡಲ ಮೇಲೆ ಕೂದಲು ನರೆತ ಇಬ್ಬರು ಕಪ್ತಾನರಿಗೂ ಗೊತ್ತಾಯಿತು. ಅಂಥ ಹೊತ್ತಿನಲ್ಲಿ ಬಂದರು ಆಸರೆಯಲ್ಲ, ಬೋನು. ಹೊರಗಿನ ಕಡಲಿಗೆ ಹೋದರೆ ಹಡಗಿಗೆ ಗಾಳಿಯ ಮುಂದೆ ಓಡಲು ಜಾಗವಿರುತ್ತದೆ. ಒಳಗಿದ್ದರೆ ಬಂಡೆ ಇರುತ್ತದೆ. ಇದನ್ನು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಮೂಡಣದ ಕಪ್ತಾನ ಹಡಗಿನವರನ್ನೆಲ್ಲ ಲಂಗರಿನ ಹತ್ತಿರ ನಿಲ್ಲಿಸಿದ. ಪಡುವಣದ ಹಡಗು ಹೊರಟ ಕೂಡಲೇ ಹೊರಡಬೇಕು, ಅದಕ್ಕಿಂತ ಮೊದಲಲ್ಲ ಎಂದ. ದೂರದರ್ಶಕ ಹಿಡಿದು ಆಚೆ ನೋಡಿದ. ಅಲ್ಲಿಯೂ ಜನ ಲಂಗರಿನ ಹತ್ತಿರ ನಿಂತಿದ್ದರು. ಅಲ್ಲಿಂದಲೂ ಒಬ್ಬ ದೂರದರ್ಶಕ ಹಿಡಿದು ಇತ್ತ ನೋಡುತ್ತಿದ್ದ. ಇನ್ನೇನು ಹೊರಡುತ್ತಾನೆ ಎಂದು ಇವನು ಅಂದುಕೊಂಡ. ಇವನ ಬಗ್ಗೆ ಅವನೂ ಹಾಗೆಯೇ ಅಂದುಕೊಂಡಿರಬೇಕು. ದೋಣಿ ಕಳಿಸಿ, ಇಬ್ಬರೂ ಕೂಡಿಯೇ ಹೊರಡೋಣ ಎಂದು ಹೇಳಿಸಬಹುದಲ್ಲ ಎಂದು ಒಬ್ಬ ನಾವಿಕ ಹೇಳಿ ನೋಡಿದ. ದೋಣಿ ಮೊದಲು ಕಳಿಸಿದವರು ಯಾರು ಎಂಬ ಪ್ರಶ್ನೆ ನಾಳೆ ಬರುವುದಿಲ್ಲವೇ ಎಂದು ಕಪ್ತಾನ ಅವನ ಬಾಯಿ ಮುಚ್ಚಿಸಿದ. ಬುದ್ಧಿ ಇಲ್ಲದವನಲ್ಲ ಅವನು. ಬುದ್ಧಿಯನ್ನೆಲ್ಲ ಇಂಥದಕ್ಕೇ ಖರ್ಚು ಮಾಡಿಬಿಟ್ಟಿದ್ದ.

ಬಂದರಿನ ಮೂಲೆಯಲ್ಲಿ ಒಂದು ತೆಂಗಿನಕಾಯಿ ವ್ಯಾಪಾರದ ಹಡಗಿತ್ತು. ಹಳೆಯದು, ಹಾಯಿಗೆಲ್ಲ ತೇಪೆ. ಅದು ಲಂಗರು ಎತ್ತಿತು. ಯುದ್ಧದ ಹಡಗುಗಳ ನಡುವೆ ಹಾದುಹೋಗುವಾಗ ವಾಡಿಕೆಯಂತೆ ತನ್ನ ಬಾವುಟ ಇಳಿಸಿತು. ಎರಡೂ ಕಡೆಯ ಹಡಗುಗಳು ವಾಡಿಕೆಯಂತೆ ತಮ್ಮ ಬಾವುಟ ಇಳಿಸಿದವು. ವ್ಯಾಪಾರಿಗೆ ಮರ್ಯಾದೆ ತೋರಿಸಲು ಯಾವ ದೊರೆಯ ಅಡ್ಡಿಯೂ ಇರಲಿಲ್ಲ.

ಮೂಡಣದ ಕಪ್ತಾನನ ಮಗ ತಂದೆಯ ಹಡಗಿನಲ್ಲೇ ಚುಕ್ಕಾಣಿ ಹಿಡಿಯುತ್ತಿದ್ದ. ಹಡಗಿನ ಮೇಲೆ ಅವನು ತಂದೆಯನ್ನು ಎಲ್ಲರಂತೆ ಒಡೆಯಾ ಎಂದೇ ಕರೆಯುವುದು. ಅಂದು ಹಾಗೆ ಕರೆಯಲಿಲ್ಲ.

"ಅಪ್ಪಾ, ನೋಡು. ಈಗ ಅವರದೂ ಇಳಿದಿದೆ, ನಮ್ಮದೂ ಇಳಿದಿದೆ. ಹೀಗೇ ಹೊರಟುಬಿಡೋಣ. ಯಾರು ಮೊದಲು ಅಂತ ಯಾರೂ ಕೇಳೋ ಹಾಗಿಲ್ಲ."

ಕಪ್ತಾನ ಆಚೆಯ ಹಡಗನ್ನು ನೋಡಿದ. ನಿಜ, ಅವರ ಬಾವುಟ ಅರ್ಧಕ್ಕಿತ್ತು. ಒಂದು ಗಳಿಗೆ ಅವನ ಮನಸ್ಸು ಒಪ್ಪಿತು. ಆಮೇಲೆ ಬೇಡವೆಂದು ತಲೆಯಾಡಿಸಿದ.

"ಅವರು ಇಳಿಸಿದ್ದು ತೆಂಗಿನಕಾಯಿಯವನಿಗೆ. ನಮಗಲ್ಲ. ಏರಿಸು."

ಮಗ ಏರಿಸಿದ. ಆಚೆಯೂ ಬಾವುಟ ಏರಿತು. ತೆಂಗಿನಕಾಯಿ ಹಡಗು ಬಂಡೆಗಳ ನಡುವಿನ ದಾರಿ ದಾಟಿ ಹೊರಗೆ ಹೋಯಿತು.

ಮಧ್ಯಾಹ್ನದ ಹೊತ್ತಿಗೆ ಗಾಳಿ ಬಂತು. ಈಗ ಎರಡೂ ಕಡೆಯವರು ಹೊರಡಲು ನೋಡಿದರು. ಆಗಲಿಲ್ಲ. ಗಾಳಿ ಕಡಲಿನಿಂದ ನೆಲದ ಕಡೆಗೆ ಬೀಸುತ್ತಿತ್ತು, ಆ ಕಿರಿದಾದ ದಾರಿ ಅಲೆಗಳ ನೊರೆಯಲ್ಲಿ ಕಾಣದೆ ಹೋಗಿತ್ತು. ಲಂಗರುಗಳು ತಳದ ಮರಳನ್ನು ಉಳುತ್ತ ಜಾರಿದವು. ಕೆಲವು ಹಡಗುಗಳು ದಡದ ಬಂಡೆಗಳಿಗೆ ಬಡಿದು ಸೀಳಿಹೋದವು. ಎರಡು ದೊಡ್ಡ ಹಡಗುಗಳು ಒಂದಕ್ಕೊಂದು ಅಪ್ಪಳಿಸಿದವು. ತಿಂಗಳುಗಟ್ಟಲೆ ದೂರ ದೂರ ನಿಂತವರು ಕೊನೆಗೆ ಹಾಗೆ ಸೇರಿದರು. ಹಾಯಿಯ ಕಂಬಗಳು ಮುರಿದು ಬಿದ್ದವು, ಬಾವುಟಗಳೂ ಅವುಗಳ ಜೊತೆಗೇ ನೀರಿಗೆ ಹೋದವು.

ದ್ವೀಪದವರು ಸೊಂಟಕ್ಕೆ ತೆಂಗಿನ ನಾರಿನ ಹಗ್ಗ ಕಟ್ಟಿಕೊಂಡು, ಒಬ್ಬರ ಕೈ ಒಬ್ಬರು ಹಿಡಿದು ನೀರಿಗೆ ಇಳಿದರು. ಕೈಗೆ ಸಿಕ್ಕವರನ್ನೆಲ್ಲ ಎಳೆದು ತಂದರು. ನೀನು ಯಾವ ಕಡೆಯವನು ಎಂದು ಯಾರನ್ನೂ ಕೇಳಲಿಲ್ಲ. ಉಳಿದವರು ಕೆಲವರು. ಸತ್ತವರು ಬಹಳ. ಅಲೆಗಳು ಮೈಮೇಲಿನ ಬಟ್ಟೆಯನ್ನೂ ಉಳಿಸಿರಲಿಲ್ಲವಾದ್ದರಿಂದ ಹೆಣಗಳಲ್ಲಿ ಮೂಡಣ ಪಡುವಣ ಎಂದು ಬೇರೆ ಮಾಡಲಾಗಲಿಲ್ಲ. ಎಲ್ಲರನ್ನೂ ಒಂದೇ ಗುಂಡಿಯಲ್ಲಿ ಮಣ್ಣು ಮಾಡಿದರು. ಕಪ್ತಾನನ ಮಗನೂ ಆ ಗುಂಡಿಯಲ್ಲಿ ಸೇರಿದ.

ಇಬ್ಬರು ಕಪ್ತಾನರೂ ಬದುಕಿಕೊಂಡರು. ಅದೇ ಅವರಿಗಾದ ಶಿಕ್ಷೆ ಎಂದು ನನಗೆ ಅನ್ನಿಸುತ್ತದೆ. ದ್ವೀಪದವರು ಇಬ್ಬರನ್ನೂ ಒಂದೇ ಗುಡಿಸಲಿನಲ್ಲಿ ಅಕ್ಕಪಕ್ಕ ಚಾಪೆ ಹಾಸಿ ಮಲಗಿಸಿದ್ದರು. ಎರಡು ದಿನ ಇಬ್ಬರೂ ಮಾತಾಡಲಿಲ್ಲ. ಆಮೇಲೆ ಮೂಡಣದವನು ಗೋಡೆಯ ಕಡೆ ತಿರುಗಿಕೊಂಡೇ ಕೇಳಿದ.

"ಆ ತೆಂಗಿನಕಾಯಿ ಹಡಗು ಹೋದಾಗ ನಾವು ಬಾವುಟ ಏರಿಸದೆ ಹೊರಟಿದ್ದರೆ, ನೀವು ಏನು ಮಾಡುತ್ತಿದ್ದಿರಿ?"

ಪಡುವಣದವನು ಹೇಳಿದ. "ನೀವು ಹಾಗೆ ಹೊರಡಲಿ ಅಂತಲೇ ನಾನು ಏರಿಸುವುದನ್ನು ತಡ ಮಾಡಿದೆ. ನಿಮ್ಮದು ಏರಿತು. ಆಮೇಲೆ ನಾನೂ ಏರಿಸಿದೆ."



ತೆಂಗಿನಕಾಯಿ ಹಡಗು ಹರಿದ ಹಾಯಿಯಲ್ಲಿ ಹಿಂದಿರುಗಿತು. ಹೋಗಿ ಬರ್ತೀವಿ ಎಂದು ಹೇಳಿ ಹೋದದ್ದು ಅದೊಂದೇ, ಬಂದದ್ದೂ ಅದೊಂದೇ. ಎರಡು ದೇಶಗಳಿಗೂ ಸುದ್ದಿ ಮುಟ್ಟಿಸುವ ಕೆಲಸ ಆ ವ್ಯಾಪಾರಿಯ ಪಾಲಿಗೇ ಬಂತು. ಅವನು ಮೊದಲು ಒಬ್ಬ ದೊರೆಯ ಮುಂದೆ, ಆಮೇಲೆ ಇನ್ನೊಬ್ಬ ದೊರೆಯ ಮುಂದೆ ಕೈಕಟ್ಟಿ ನಿಂತು, ಹಡಗುಗಳೆಲ್ಲ ಹೋದವು, ಜನ ಹೋದರು ಎಂದು ಹೇಳಿದ. ಎಷ್ಟು ಜನ ಉಳಿದರು ಎಂದು ಕೇಳುತ್ತಾರೆ, ಹೇಗೆ ಹೇಳಲಿ ಎಂದು ಅವನು ದಾರಿಯುದ್ದಕ್ಕೂ ಸಂಕಟಪಟ್ಟಿದ್ದ. ಅದನ್ನು ಇಬ್ಬರೂ ಕೇಳಲಿಲ್ಲ. ಇಬ್ಬರೂ ಕೇಳಿದ್ದು ಒಂದೇ: ಯಾರ ಬಾವುಟ ಮೊದಲು ಇಳಿಯಿತು?

ಗುರುಗಳು ಕತೆ ನಿಲ್ಲಿಸಿದರು. ಆ ದೊರೆಗಳು ಎಂಥ ಮನುಷ್ಯರು ಎಂದು ಬೊಮ್ಮಯ್ಯ ಬೇಸರದಿಂದ ಅಂದ.

ಗುರುಗಳು ಹೇಳಿದರು: "ಅಣ್ಣ ಸಾಯುತ್ತಿದ್ದಾನೆ ಎಂದು ನಾನು ಹೇಳಿದಾಗ ನೀನು ಕೇಳಿದ್ದೂ ಅದನ್ನೇ."